ಹಸಿರು ಶಾಯಿಯ ತಾರೀಖು

ನಮ್ಮ ಅಂಗಡಿಯ ಪುಸ್ತಕದಲ್ಲಿ ಬರೆದ ಯಾವ ತಾರೀಖೂ ನಿಜವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಮಾಡಿದ ಘನಕಾರ್ಯ ನಿಮಗೆ ಅರ್ಥವಾಗುವುದಿಲ್ಲ.

ನಾನು ದರ್ಜಿ. ಕತ್ತರಿ, ಮಷೀನು, ಇಸ್ತ್ರಿಪೆಟ್ಟಿಗೆ ನನ್ನದು. ಮುಂದಿನ ಕೌಂಟರು, ಅಳತೆ ಪುಸ್ತಕ, ಫೋನು, ಗಿರಾಕಿಗಳ ಕೂಗಾಟ ನನ್ನ ನಾದಿನಿಯದು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರು ಬಿಟ್ಟುಹೋದದ್ದು ಎರಡು ಮಷೀನು ಮತ್ತು ಈ ತಂಗಿ. ಮಷೀನಿಗೆ ಆಗಾಗ ಎಣ್ಣೆ ಬಿಟ್ಟರೆ ಸದ್ದು ನಿಲ್ಲುತ್ತದೆ. ಇವಳಿಗೆ ಅಂಥ ಎಣ್ಣೆ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಗಿರಾಕಿ ಬಂದು ಹದಿನೈದಕ್ಕೆ ಬೇಕು ಎಂದರೆ ಅವಳು ಪುಸ್ತಕದಲ್ಲಿ ನನಗಾಗಿ ಹನ್ನೆರಡು ಎಂದು ಬರೆಯುತ್ತಾಳೆ. ಯಾವಾಗಲೂ ಮೂರು ದಿನ ಹಿಂದೆ. ನಾಳೆ ಮೈ ಬಂದರೆ ಬಿಚ್ಚಿ ಅಗಲ ಮಾಡಲಿಕ್ಕೆ ಅಂತ ಹೊಲಿಗೆಯ ಆಚೆ ಸ್ವಲ್ಪ ಬಟ್ಟೆ ಬಿಡುತ್ತೇವಲ್ಲ, ಮಾರ್ಜಿನ್ ಅಂತ, ಹಾಗೆ. ನನಗದು ಗೊತ್ತು. ನನಗೆ ಗೊತ್ತು ಎಂಬುದು ಅವಳಿಗೂ ಗೊತ್ತು. ಹನ್ನೆರಡು ಎಂದು ಕಂಡರೆ ನನ್ನ ತಲೆ ತಾನಾಗಿ ಹದಿನೈದು ಎಂದು ಓದಿಕೊಳ್ಳುತ್ತದೆ. ಹದಿನಾಲ್ಕರ ಸಂಜೆ ಕೊನೆಯ ಗುಂಡಿ ಹಾಕಿ ಮುಗಿಸುತ್ತೇನೆ. ಇಪ್ಪತ್ತು ವರ್ಷದಿಂದ ಈ ಸುಳ್ಳಿನ ಮೇಲೆಯೇ ಅಂಗಡಿ ನಿಂತಿದೆ. ನಾನು ಅವಳನ್ನು ಮಾರ್ಜಿನ್ ಮಹಾರಾಣಿ ಎಂದು ರೇಗಿಸುತ್ತೇನೆ. ಅವಳು ನನ್ನನ್ನು ಅತ್ತಿಗೆ ಎನ್ನುತ್ತಾಳೆ. ಕೋಪ ಬಂದರೆ ಅದೇ ಅತ್ತಿಗೆಯನ್ನು ಇನ್ನಷ್ಟು ಉದ್ದಕ್ಕೆ ಎಳೆಯುತ್ತಾಳೆ.

ಆರು ವರ್ಷದ ಹಿಂದೆ ನನ್ನ ಎಡ ಸ್ತನಕ್ಕೆ ಆಪರೇಷನ್ ಆಗಿತ್ತು. ಪೀಡೆ ಕಳೆಯಿತು ಎಂದುಕೊಂಡಿದ್ದೆ. ಹೋದ ವರ್ಷ ಸೊಂಟದ ಮೂಳೆಯಲ್ಲಿ ಕ್ಯಾನ್ಸರ್ ಮತ್ತೆ ತಲೆಯೆತ್ತಿತು. ಈಗ ಮಾತ್ರೆ. ಮೂರು ವಾರ ದಿನಕ್ಕೊಂದು, ನಾಲ್ಕನೆಯ ವಾರ ಬಿಡುವು, ಮತ್ತೆ ಮೊದಲಿಂದ. ಜೊತೆಗೆ ಬಿಡುವೇ ಇಲ್ಲದ ಇನ್ನೊಂದು ಸಣ್ಣ ಮಾತ್ರೆ. ಇವು ರೋಗವನ್ನು ಓಡಿಸುವುದಿಲ್ಲ, ಇದ್ದಲ್ಲೇ ಹಿಡಿದು ನಿಲ್ಲಿಸುತ್ತವೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಹಾಗಾದರೆ ಹಿಡಿದ ಕೈ ಬಿಟ್ಟರೆ ಏನು ಗತಿ ಎಂಬ ಯೋಚನೆ ಅವತ್ತಿನಿಂದಲೇ ನನ್ನ ತಲೆಗೆ ಹೊಕ್ಕಿತು.

ಆ ಮಾತ್ರೆ ಬಾಯಲ್ಲಿನ ಬಿಸಿತುಪ್ಪ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ನಾಲಿಗೆಯ ಅಂಚಿಗೆಲ್ಲ ಹುಣ್ಣು, ಬೆಚ್ಚಗಿನ ಚಹಾ ಕುಡಿದರೂ ಕಣ್ಣಲ್ಲಿ ನೀರು. ಬಾಚಣಿಗೆಯಲ್ಲಿ ದಿನಕ್ಕೊಂದು ಕೂದಲಿನ ಉಂಡೆ. ಮಧ್ಯಾಹ್ನ ಮೂರಾದರೆ ಯಾರೋ ಸ್ವಿಚ್ಚು ಆರಿಸಿದ ಹಾಗೆ ಕೂತಲ್ಲೇ ಕುಸಿಯುತ್ತಿದ್ದೆ. ಸಣ್ಣ ಮಾತ್ರೆಯ ದಯದಿಂದ ಬೆಳಿಗ್ಗೆ ಎದ್ದರೆ ಬೆರಳುಗಳೆಲ್ಲ ಕಡ್ಡಿ. ಬಿಸಿನೀರಿನಲ್ಲಿ ಕಾಲು ಗಂಟೆ ಅದ್ದಿಟ್ಟರೆ ಮಾತ್ರ ಮಡಚುತ್ತಿದ್ದವು. ಒಂದು ದಿನ ಕೋಟಿನ ಬಟ್ಟೆ ಕತ್ತರಿಸುತ್ತಿದ್ದಾಗ ಹೆಬ್ಬೆರಳು ಕತ್ತರಿಯ ಹಿಡಿಯೊಳಗೆ ಮಡಚಿಕೊಂಡು ಅಲ್ಲೇ ಸಿಕ್ಕಿಬಿತ್ತು. ನಾದಿನಿ ಸೋಪಿನ ನೀರು ಬಿಟ್ಟು, ಎಳೆದು, ಬಿಡಿಸಿದಳು. "ಕತ್ತರಿ ನಿಮ್ಮ ಕೈ ಹಿಡೀತು ಅತ್ತಿಗೆ, ಇನ್ನು ಬಿಡಲ್ವಂತೆ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಪರದೆ ಎಳೆದುಕೊಂಡು ಅತ್ತೆ.

ಇಷ್ಟಿದ್ದರೂ ಡಾಕ್ಟರು "ಹೇಗಿದ್ದೀರಿ?" ಎಂದರೆ ನನ್ನ ಬಾಯಿಂದ ಬರುತ್ತಿದ್ದದ್ದು "ಚೆನ್ನಾಗಿದೀನಿ" ಎಂಬ ಒಂದೇ ಮಾತು. ಹುಣ್ಣು ಇದೆಯಾ? ಒಂಚೂರು. ಸುಸ್ತು? ಈ ಕಾಲದಲ್ಲಿ ಯಾರಿಗಿಲ್ಲ ಹೇಳಿ. ಕಷ್ಟ ಎಂದು ಬಾಯಿಬಿಟ್ಟರೆ ಮಾತ್ರೆ ನಿಲ್ಲಿಸಿಬಿಡುತ್ತಾರೆ ಎಂಬ ಭಯ ನನಗೆ. ನಾಲ್ಕನೆಯ ತಿಂಗಳಲ್ಲಿ ಒಮ್ಮೆ ನಿಲ್ಲಿಸಿದ್ದರು. ರಕ್ತದಲ್ಲಿ ಬಿಳಿ ಕಣ ಇಳಿದಿದೆ, ಒಂದು ವಾರ ತಡೆಯಿರಿ ಎಂದು. ಆ ವಾರ ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ. ಸೊಂಟದಲ್ಲಿ ಒಂದು ಸಣ್ಣ ಚಳುಕು ಬಂದರೆ ಸಾಕು, ಅಗೋ, ಕಾವಲಿಲ್ಲ ಎಂದು ಗೊತ್ತಾಗಿ ಹೊರಟೇಬಿಟ್ಟಿತು ಎಂದು ಎದೆ ಡವಗುಟ್ಟುತ್ತಿತ್ತು. ಮುಂದಿನ ಸ್ಕ್ಯಾನಿನಲ್ಲಿ ಏನೂ ಬೆಳೆದಿರಲಿಲ್ಲ. ಕಾಗದ ನೋಡಿ ಹೂಂ ಎಂದೆ, ಒಳಗೆ ನಂಬಲಿಲ್ಲ.

ಆ ವಾರದ ನಂತರವೇ ನಾದಿನಿ ಒಂದು ಹಸಿರು ಪೆನ್ನು ತಂದದ್ದು.

"ನೋಡಿ ಅತ್ತಿಗೆ, ಇದು ಆಸ್ಪತ್ರೆ ಪೆನ್ನು. ನೀಲೀಲಿ ಬರ್ದಿದ್ದು ಅಂಗಡೀದು, ಅದರಲ್ಲಿ ನನ್ನ ಮೂರು ದಿನ ಇರತ್ತೆ. ಹಸಿರಲ್ಲಿ ಬರ್ದಿದ್ದು ಡಾಕ್ಟ್ರು ಹೇಳಿದ್ದು ಹೇಳಿದ ಹಾಗೆ. ಒಂದು ದಿನ ಆಚೆ ಇಲ್ಲ, ಈಚೆ ಇಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಮಹಾರಾಣಿ."

"ಹಾಗಾದ್ರೆ ಹೇಳಿ, ಹಸಿರು ಅಂದ್ರೆ?"

"ಹೇಳಿದ್ದು ಹೇಳಿದ ಹಾಗೆ."

"ಇನ್ನೊಂದ್ಸಲ."

"ಏಯ್, ನಾನೇನು ಒಂದನೇ ಕ್ಲಾಸಾ? ಹೋಗೇ ಅತ್ಲಾಗೆ."

ಮಾತ್ರೆ ಶುರುವಾಗಿ ಏಳನೆಯ ತಿಂಗಳು ಬಂತು. ಶಾಲೆ ತೆರೆಯುವ ವಾರ. ಸಮವಸ್ತ್ರಕ್ಕೆ ಮಕ್ಕಳನ್ನು ಎಳೆದುಕೊಂಡು ಬಂದ ತಾಯಂದಿರಿಂದ ಅಂಗಡಿ ಗಿಜಿಗುಡುತ್ತಿತ್ತು. ಅವತ್ತು ಹತ್ತನೇ ತಾರೀಖು. ಹದಿನಾಲ್ಕು ಮಾತ್ರೆ ಮುಗಿದಿತ್ತು, ಏಳು ಉಳಿದಿತ್ತು. ಬೆಳಿಗ್ಗೆ ರಕ್ತ ಕೊಟ್ಟು ಬಂದಿದ್ದೆ. ಮಧ್ಯಾಹ್ನ ಅಂಗಡಿಯ ಫೋನು ಬಡಿದುಕೊಂಡಿತು. ನಾನು ಮಂಡಿಯೂರಿ, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಒಂದೆಡೆ ನಿಲ್ಲದ ಒಬ್ಬ ಹುಡುಗಿಯ ಲಂಗದ ಅಂಚು ಗುರುತು ಮಾಡುತ್ತಿದ್ದೆ. ನಾದಿನಿ ಫೋನು ಕಿವಿಗಿಟ್ಟುಕೊಂಡು ಹೂಂ ಹೂಂ ಎಂದಳು, ಏನೋ ಗೀಚಿದಳು, ಗುಂಪಿನ ಮೇಲಿಂದಲೇ ಕೂಗಿದಳು: "ಅತ್ತಿಗೆ, ಆಸ್ಪತ್ರೆ ನರ್ಸು! ಡಬ್ಬಿ ಮೇಲೆ ಚೀಟಿ ಇಡ್ತೀನಿ, ಮರೀಬೇಡಿ!"

ಡಬ್ಬಿ ಎಂದರೆ ನನ್ನ ಗುಂಡಿಗಳ ತಗಡಿನ ಡಬ್ಬಿ. ಮಾತ್ರೆಯ ಹಾಳೆಯನ್ನೂ ಅದರಲ್ಲೇ ಇಡುತ್ತೇನೆ, ಕೈಗೆ ಸಿಗಲಿ ಎಂದು. ಗದ್ದಲ ಇಳಿದ ಮೇಲೆ ಹೋಗಿ ನೋಡಿದೆ. "ನಾಳೆ 11ರಿಂದ ಮಾತ್ರೆ ಬೇಡ. ಬಿಳಿ ಕಣ ತುಂಬ ಕಡಿಮೆ. 18ಕ್ಕೆ ಮತ್ತೆ ರಕ್ತ ಪರೀಕ್ಷೆ. ಜ್ವರ ಬಂದ್ರೆ ತಕ್ಷಣ ಆಸ್ಪತ್ರೆ." ಅಕ್ಷರ ಸೊಟ್ಟ, ಅವಸರದ್ದು. ಶಾಯಿ ಹಸಿರು.

ಹಸಿರು. ಕಣ್ಣಾರೆ ಕಂಡೆ. ನಾನು ಬಟ್ಟೆಯ ಬಣ್ಣ ನೋಡಿ ಹೊಟ್ಟೆ ಹೊರೆಯುವವಳು. ಕಪ್ಪಿಗೂ ಕಡುನೀಲಿಗೂ ಮಬ್ಬು ಬೆಳಕಲ್ಲಿ ವ್ಯತ್ಯಾಸ ಹೇಳುವವಳು. ಹಸಿರು ಗೊತ್ತಾಗಲಿಲ್ಲ ಎಂದರೆ ನನ್ನ ಕತ್ತರಿಯೇ ನಗುತ್ತದೆ.

ಹನ್ನೊಂದರ ಬೆಳಿಗ್ಗೆ ತಿಂಡಿ ಮುಗಿಸಿ ಡಬ್ಬಿ ತೆರೆದೆ. ಒಂದು ವಾರ! ಹೋದ ಸಲವೂ ಒಂದು ವಾರ, ಈ ಸಲವೂ ಒಂದು ವಾರ. ಹೀಗೆ ವಾರ ವಾರ ಬಿಟ್ಟುಕೊಡುತ್ತ ಹೋದರೆ ಕೊನೆಗೆ ನನಗೆ ಉಳಿಯುವುದೇನು? ಆಗ ನನ್ನ ತಲೆ ಒಂದು ಕೆಲಸ ಮಾಡಿತು. ಯಾರು ಬರೆದದ್ದು ಇದು? ಮಾರ್ಜಿನ್ ಮಹಾರಾಣಿ. ಇಪ್ಪತ್ತು ವರ್ಷದಲ್ಲಿ ಒಂದು ತಾರೀಖನ್ನು ನೆಟ್ಟಗೆ ಬರೆದವಳಾ ಅವಳು? ಹೆದರುಪುಕ್ಕಲಿ, ನರ್ಸು ಹದಿನಾಲ್ಕು ಅಂದಿರುತ್ತಾಳೆ, ಇವಳು ಮೂರು ದಿನ ಹಿಂದೆ ಎಳೆದಿರುತ್ತಾಳೆ. ಹನ್ನೊಂದು ಎಂದರೆ ಹದಿನಾಲ್ಕು. ಅಂಗಡಿಯ ಲೆಕ್ಕವೇ ಅಲ್ಲವೇ? ಹೀಗೆಂದು ಮಾತ್ರೆ ನುಂಗಿ ನೀರು ಕುಡಿದೆ. ಚೀಟಿಯನ್ನು ಮಡಿಸಿ ಡಬ್ಬಿಯ ತಳದಲ್ಲಿ, ಕೋಟಿನ ದೊಡ್ಡ ಗುಂಡಿಗಳ ಅಡಿಗೆ ತಳ್ಳಿದೆ. ಲೆಕ್ಕ ನಿಜವಾಗಿದ್ದರೆ ಚೀಟಿಯನ್ನು ಯಾಕೆ ಬಚ್ಚಿಡಬೇಕಿತ್ತು ಎಂದು ನೀವು ಕೇಳಬಹುದು. ಕೇಳಿ. ನಾನು ಡಬ್ಬಿಯ ಮುಚ್ಚಳ ಒತ್ತಿ ಮಷೀನಿಗೆ ಕೂತೆ.

"ಚೀಟಿ ನೋಡಿದ್ರಾ ಅತ್ತಿಗೆ?" ಎಂದು ಅವಳು ಕೌಂಟರಿನಿಂದ ಕೇಳಿದಳು.

"ನೋಡ್ದೆ ನೋಡ್ದೆ."

ಹನ್ನೆರಡಕ್ಕೂ ನುಂಗಿದೆ. ಹದಿಮೂರಕ್ಕೂ ನುಂಗಿದೆ. ಹದಿನಾಲ್ಕಕ್ಕೆ ನಿಲ್ಲಿಸಿದೆ, ಮಹಾ ಪ್ರಾಮಾಣಿಕಳ ಹಾಗೆ.

ಹದಿನೈದರ ಬೆಳಿಗ್ಗೆ ಹನ್ನೊಂದು ಗಂಟೆಗೆ ಇಸ್ತ್ರಿ ಮಾಡುತ್ತಿದ್ದೆ. ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತವಳಿಗೆ ಚಳಿ ಶುರುವಾಯಿತು. ಹಲ್ಲು ಕಟಕಟ ಎನ್ನತೊಡಗಿತು. ನಾದಿನಿ ಬಂದು ಹಣೆ ಮುಟ್ಟಿದಳು. ಮುಟ್ಟಿದ ಕೈ ಹಾಗೇ ಹಿಂದಕ್ಕೆ ಎಳೆದುಕೊಂಡಳು. ಗಿರಾಕಿಗಳನ್ನು ಅಕ್ಷರಶಃ ತಳ್ಳಿ, ಶಟರು ಎಳೆದು, ನನ್ನನ್ನು ಟ್ಯಾಕ್ಸಿಗೆ ಹಾಕಿದಳು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡು "ಏನೂ ಆಗಲ್ಲ, ಏನೂ ಆಗಲ್ಲ" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಎರಡೂ ತೋಳಿನಿಂದ ರಕ್ತ ತೆಗೆದರು, ಡ್ರಿಪ್ ಹಾಕಿದರು, ಒಂಟಿ ಕೋಣೆಗೆ ಹಾಕಿ ಬಾಗಿಲಿಗೆ ಮುಖಗವಸಿನ ಪೆಟ್ಟಿಗೆ ನೇತುಹಾಕಿದರು. ವಾರ್ಡಿನ ನರ್ಸು ಹಲಗೆಯ ಮೇಲೆ ಕಾಗದವಿಟ್ಟುಕೊಂಡು ಕೇಳಿದಳು: "ಕೊನೇ ಮಾತ್ರೆ ಯಾವತ್ತು ತಗೊಂಡ್ರಿ?"

ಜ್ವರದ ಮಂಪರಿನಲ್ಲಿ ನಿಜ ಬಾಯಿಗೆ ಬಂದುಬಿಟ್ಟಿತು. "ಹದಿಮೂರು."

"ಹದಿಮೂರಾ?" ನಾದಿನಿ ಕುರ್ಚಿಯಿಂದ ಎದ್ದು ನಿಂತಳು. "ಹನ್ನೊಂದರಿಂದ ಬೇಡ ಅಂತ ಬರ್ದಿದ್ನಲ್ಲ ಅತ್ತಿಗೆ?"

"ನಾನು... ಮೂರು ಸೇರಿಸ್ಕೊಂಡೆ ಕಣೇ. ಅಂಗಡಿ ಲೆಕ್ಕ ಅಂದ್ಕೊಂಡೆ."

ಅವಳು ಮಂಚದ ಕಂಬಿ ಹಿಡಿದು ಬಗ್ಗಿದಳು. "ನಾನು ಹಸಿರಲ್ಲಿ ಬರೀಲಿಲ್ವಾ? ಅವತ್ತು ಅಷ್ಟು ಜನ... ಕೈಗೆ ಸಿಕ್ಕಿದ ಪೆನ್ನಲ್ಲಿ ಗೀಚಿಬಿಟ್ನಾ? ಅತ್ತಿಗೆ, ಹೇಳಿ. ಹಸಿರಿತ್ತಾ, ನೀಲಿ ಇತ್ತಾ?"

ಒಂದು ಕ್ಷಣವಿತ್ತು. ನಿಜ ಹೇಳಲಿಕ್ಕೆ ಅಷ್ಟು ಸಾಕಿತ್ತು. ನರ್ಸಿನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಬೇಕೆಂದೇ ತಗೊಂಡಳು ಎಂದು ಅದರಲ್ಲಿ ಬರೆದರೆ ಮುಗಿಯಿತು, ಹೇಳಿದ ಮಾತು ಕೇಳದವಳಿಗೆ ಇಂಥ ಮಾತ್ರೆ ಯಾರು ಕೊಡುತ್ತಾರೆ, ನಿಲ್ಲಿಸಿಯೇ ಬಿಡುತ್ತಾರೆ. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

"ನೀಲಿ" ಎಂದೆ.

ನಾಲ್ಕು ದಿನ ಡ್ರಿಪ್ಪು. ನಾಲ್ಕು ದಿನವೂ ಅವಳು ಆ ಕುರ್ಚಿ ಬಿಟ್ಟು ಏಳಲಿಲ್ಲ. ಸೂಪು ತಣ್ಣಗೆ ಮಾಡಿ ಚಮಚದಲ್ಲಿ ಕೊಡುವಳು, ಹುಣ್ಣಿಗೆ ತಾಗದ ಹಾಗೆ. ಜೋಕು ಇಲ್ಲ, ಜಗಳ ಇಲ್ಲ. ಒಮ್ಮೆ ನಾನು ಕಣ್ಣು ಮುಚ್ಚಿದ್ದಾಗ ತನ್ನಷ್ಟಕ್ಕೆ ಹೇಳಿಕೊಂಡಳು: "ನನ್ನ ಹಾಳು ಚಟ. ಇನ್ನೇನು ಕೊಂದೇಬಿಡ್ತಿದ್ದೆ." ನಾನು ಕಣ್ಣು ತೆರೆಯಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಎಂದುಕೊಂಡೆ, ಆದರೂ ತೆರೆಯಲಿಲ್ಲ.

ಹತ್ತೊಂಬತ್ತಕ್ಕೆ ಬಿಟ್ಟರು. ಜ್ವರ ಇಳಿದಿತ್ತು, ಬಿಳಿ ಕಣ ಇನ್ನೂ ಪೂರ್ತಿ ಏರಿರಲಿಲ್ಲ. ಇಪ್ಪತ್ತನಾಲ್ಕಕ್ಕೆ ಡಾಕ್ಟರನ್ನು ಕಾಣಬೇಕು, ಮಾತ್ರೆಯ ವಿಷಯ ಆಗಲೇ ತೀರ್ಮಾನ ಎಂದರು. ಆ ತೀರ್ಮಾನ ಎಂಬ ಮಾತನ್ನು ಹಿಡಿದುಕೊಂಡು ನಾನು ಐದು ದಿನ ಕುದಿದೆ. ಡಬ್ಬಿ ತೆರೆದರೆ ಹಾಳೆಯಲ್ಲಿ ಉಳಿದ ನಾಲ್ಕು ಮಾತ್ರೆ, ತಳದಲ್ಲಿ ಆ ಚೀಟಿ. ಹರಿದು ಎಸೆಯಬಹುದಿತ್ತು. ಎರಡು ಸಲ ಕೈಗೆತ್ತಿಕೊಂಡೆ. ಹರಿಯಲಿಕ್ಕೂ ಬೆರಳು ಮಡಚಲಿಲ್ಲ ಎಂದು ಬೇಕಾದರೆ ಹೇಳುತ್ತೇನೆ, ನಂಬಬೇಡಿ.

ಇತ್ತ ಅಂಗಡಿಯಲ್ಲಿ ಬೇರೆಯೇ ಒಂದು ಅನಾಹುತ ತಯಾರಾಗುತ್ತಿತ್ತು, ನನಗೆ ಗೊತ್ತಿರಲಿಲ್ಲ. ಇಪ್ಪತ್ತಮೂರರ ಬೆಳಿಗ್ಗೆ ಒಬ್ಬ ವಕೀಲರು ಬಂದರು. ದಪ್ಪ ಮನುಷ್ಯ, ಹತ್ತು ವರ್ಷದಿಂದ ನಮ್ಮಲ್ಲೇ ಕಪ್ಪು ಕೋಟು ಹೊಲಿಸುವವರು.

"ಎಲ್ಲಮ್ಮ ನನ್ನ ಕೋಟು? ಇನ್ನೊಂದು ಗಂಟೇಲಿ ಕೋರ್ಟಲ್ಲಿರ್ಬೇಕು."

ನಾನು ಪುಸ್ತಕ ತೆರೆದೆ. ಇಪ್ಪತ್ತಮೂರು ಎಂದೇ ಇತ್ತು. ಇಪ್ಪತ್ತಮೂರು ಎಂದರೆ ಇಪ್ಪತ್ತಾರು. ಕೋಟು ಗೂಟಕ್ಕೆ ನೇತಾಡುತ್ತಿತ್ತು, ತೋಳಿಲ್ಲದೆ.

"ಇವತ್ತಾ?" ಎಂದೆ.

"ಇವತ್ತೇ! ನಿಮ್ಮ ನಾದಿನಿಗೆ ನಾನೇ ಹೇಳಿ ಬರೆಸಿದೀನಿ. ಏನು, ತೋಳು ಕಂತಿನಲ್ಲಿ ಕೊಡ್ತೀರಾ? ನ್ಯಾಯಾಧೀಶರ ಮುಂದೆ ಬನಿಯನ್ನಿನ ಹಾಗೆ ಹಾಕ್ಕೊಂಡು ಹೋಗ್ಲಾ?"

ನಾನು ಕುಳಿತು ತೋಳು ಹತ್ತಿಸಿದೆ. ಬಿಸಿನೀರಿನಲ್ಲಿ ಅದ್ದಲೂ ಸಮಯವಿರಲಿಲ್ಲ. ಒಂದೊಂದು ಸಲ ಬಟ್ಟೆ ತಿರುಗಿಸಿದಾಗಲೂ ಬೆರಳಿನ ಗಂಟುಗಳಿಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ಅವರು ಕೋಟು ತೊಟ್ಟು ಗೊಣಗುತ್ತ ಓಡಿದರು. ನಾನು ಪುಸ್ತಕ ಎತ್ತಿಕೊಂಡು ಕೌಂಟರಿಗೆ ಹೋದೆ. ಹಿಂದಿನ ಪುಟಗಳನ್ನು ತಿರುವಿ ನೋಡಿದರೆ ಆಸ್ಪತ್ರೆಯಿಂದ ಬಂದಾಗಿನಿಂದ ಎಲ್ಲವೂ ಹಾಗೇ. ಒಂದರಲ್ಲೂ ಮಾರ್ಜಿನ್ ಇಲ್ಲ. ಎಲ್ಲವನ್ನೂ ಹಸಿರಿನಲ್ಲಿ ಬರೆದಿದ್ದಳು, ನಾನು ಅವಸರದಲ್ಲಿ ಅಂಕಿ ಮಾತ್ರ ನೋಡಿ ಬಣ್ಣ ಗಮನಿಸಿರಲಿಲ್ಲ. ಈ ಸಲ ನಿಜವಾಗಿಯೂ ಗಮನಿಸಿರಲಿಲ್ಲ.

"ಏನೇ ಇದು? ಅಂಗಡಿ ಮುಚ್ಚಿಸ್ಬೇಕು ಅಂತಿದೀಯಾ?"

"ಇನ್ಮೇಲೆ ಹೀಗೇ ಅತ್ತಿಗೆ." ಅವಳು ತಲೆ ಎತ್ತಲಿಲ್ಲ. "ನಾನು ಸುಳ್ಳು ತಾರೀಖು ಬರ್ಯಲ್ಲ. ಒಂದು ಬರ್ದು ನೋಡಿದ್ದಾಯ್ತಲ್ಲ. ನಾಳೆ ನಾನೂ ಬರ್ತೀನಿ. ಡಾಕ್ಟ್ರಿಗೆ ನಾನೇ ಹೇಳ್ತೀನಿ, ತಪ್ಪು ನಂದು, ಅತ್ತಿಗೇದೇನೂ ಇಲ್ಲ, ಮಾತ್ರೆ ನಿಲ್ಲಿಸ್ಬೇಡಿ ಅಂತ. ಕಾಲು ಹಿಡಿದಾದ್ರೂ ಕೇಳ್ತೀನಿ."

ನನಗೆ ಬೇಕಾಗಿದ್ದದ್ದೇ ಅದು. ಅವಳು ತಪ್ಪು ಹೊರುತ್ತಾಳೆ, ಡಾಕ್ಟರು ನಂಬುತ್ತಾರೆ, ಮಾತ್ರೆ ನನಗುಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಕೋಲು ಮುರಿದುಹೋಗಿತ್ತು. ಕೌಂಟರಿನ ಹಿಂದೆ ಅದು ನನ್ನ ಕಣ್ಣೆದುರೇ ಕೂತಿತ್ತು, ತಲೆ ಬಗ್ಗಿಸಿಕೊಂಡು. ಸಂಜೆ ಅಂಗಡಿ ಮುಚ್ಚುವ ಮುಂಚೆ ಚೀಟಿಯನ್ನು ಡಬ್ಬಿಯಿಂದ ತೆಗೆದು ಪರ್ಸಿನಲ್ಲಿಟ್ಟುಕೊಂಡೆ. ತೋರಿಸುತ್ತೇನೆ ಎಂದಲ್ಲ. ಸುಮ್ಮನೆ ಇಟ್ಟುಕೊಂಡೆ.

ಡಾಕ್ಟರು ನಮಗಿಂತ ಚಿಕ್ಕವಳು. ಬಿಳಿ ಕೋಟಿನ ತೋಳು ಒಂದೂವರೆ ಇಂಚು ಉದ್ದ, ಬರೆಯುವಾಗಲೆಲ್ಲ ಹಿಂದಕ್ಕೆ ತಳ್ಳಿಕೊಳ್ಳುತ್ತಾಳೆ. ಏಳು ತಿಂಗಳಿಂದ ಅದನ್ನು ನೋಡಿ ನೋಡಿ ನನ್ನ ಕೈ ತುರಿಸುತ್ತಿದೆ. ಅವಳು ಕಡತ ತೆರೆದು, ನನ್ನನ್ನೂ ನೋಡಿ, ನಾದಿನಿಯನ್ನೂ ನೋಡಿದಳು.

"ಮೂರು ದಿನ ಜಾಸ್ತಿ ತಗೊಂಡಿದೀರಿ ಅಂತ ಇಲ್ಲಿದೆ. ಏನಾಯ್ತು?"

ನಾದಿನಿ ಎದ್ದೇ ನಿಂತಳು, ಶಾಲೆಯಲ್ಲಿ ನಿಂತ ಹಾಗೆ. "ನಂದು ತಪ್ಪು ಡಾಕ್ಟ್ರೇ. ನಮ್ಮ ಅಂಗಡೀಲಿ ಒಂದು ಅಭ್ಯಾಸ ಇದೆ..." ಎಂದು ಶುರುಮಾಡಿದಳು. ಮೂರು ದಿನ, ಮಾರ್ಜಿನ್, ನೀಲಿ ಪೆನ್ನು, ಹಸಿರು ಪೆನ್ನು, ಎಲ್ಲ ಹೇಳಿದಳು. ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ನಡುವೆ ತಪ್ಪಿದರೆ ಹಿಂದಕ್ಕೆ ಹೋಗಿ ಸರಿಮಾಡಿಕೊಳ್ಳುತ್ತಿದ್ದಳು. "ಅವತ್ತು ಅವಸರದಲ್ಲಿ ನೀಲೀಲಿ ಬರ್ದುಬಿಟ್ಟೆ. ಅವ್ರು ಮೂರು ಸೇರಿಸಿ ಓದಿದ್ರು. ನಾನು ಎದುರಿಗೆ ನಿಂತು ಬಾಯಲ್ಲಿ ಹೇಳ್ಬೇಕಿತ್ತು. ನಾಲ್ಕಕ್ಷರ ಜಾಸ್ತಿ ಓದಿದವಳು ನಾನು, ನನಗೆ ಬುದ್ಧಿ ಇರ್ಲಿಲ್ಲ. ಅವ್ರಿಗೆ ಮಾತ್ರೆ ನಿಲ್ಲಿಸ್ಬೇಡಿ."

ಡಾಕ್ಟರು ಪೆನ್ನು ಕೆಳಗಿಟ್ಟಳು. "ಕೂತ್ಕೊಳ್ಳಿ. ಇಂಥದ್ದು ಆಗತ್ತೆ. ಮುಂದಿನ ಸಲ..."

"ಹಸಿರಿತ್ತು" ಎಂದೆ.

ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಚೀಟಿ ಹಸಿರಲ್ಲೇ ಇತ್ತು ಡಾಕ್ಟ್ರೇ. ಅವಳು ಸರಿಯಾಗೇ ಬರ್ದಿದ್ಲು." ಪರ್ಸು ತೆರೆಯಲು ಬೆರಳು ಬರಲಿಲ್ಲ, ಜಿಪ್ಪನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಚೀಟಿಯನ್ನು ಮೇಜಿನ ಮೇಲಿಟ್ಟೆ. ಗುಂಡಿಗಳ ಕೆಳಗೆ ಇದ್ದು ಇದ್ದು ಅದರ ಮೇಲೆ ದುಂಡನೆಯ ಗುರುತುಗಳು ಬಿದ್ದಿದ್ದವು. "ಓದಿದೆ, ಅರ್ಥ ಆಯ್ತು, ಆದ್ರೂ ತಗೊಂಡೆ. ನಿಲ್ಲಿಸಿದ್ರೆ ಅದು ಬೆಳೆದುಬಿಡತ್ತೆ ಅಂತ ಭಯ ಆಯ್ತು. ಇವಳು ಕೇಳಿದಾಗ ನೀಲಿ ಅಂತ ಸುಳ್ಳು ಹೇಳ್ದೆ."

ನಾದಿನಿ ಚೀಟಿಯನ್ನು ಎತ್ತಿಕೊಂಡು ನೋಡಿದಳು. ತಿರುಗಿಸಿ ನೋಡಿದಳು. ಮೇಜಿನ ಮೇಲೆ ವಾಪಸು ಇಟ್ಟು, ಬಾಗಿಲು ತೆರೆದುಕೊಂಡು ಹೊರಗೆ ಹೋದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡಳು. ದಢಾರನೆ ಬಡಿದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಡಾಕ್ಟರು ಚೀಟಿಯನ್ನು ಕಡತದೊಳಗೆ ಇಟ್ಟಳು. ಆಮೇಲೆ ಕೇಳಿದಳು: "ಇನ್ನೇನೇನು ಮುಚ್ಚಿಟ್ಟಿದೀರಿ?"

ಹೇಳಿದೆ. ಹುಣ್ಣು, ಭೇದಿ, ಮೂರು ಗಂಟೆಯ ಸುಸ್ತು, ಕತ್ತರಿಯಲ್ಲಿ ಸಿಕ್ಕ ಹೆಬ್ಬೆರಳು. ಹೇಳುತ್ತ ಹೋದ ಹಾಗೆ ನನಗೇ ನಾಚಿಕೆಯಾಯಿತು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಗಿರಾಕಿಗಳನ್ನು ನಾನು ಎಷ್ಟು ಬೈದಿಲ್ಲ! ಉಸಿರು ಬಿಟ್ಟು ನಿಂತ್ಕೊಳ್ಳಿ, ಆಮೇಲೆ ಬಿಗಿ ಅಂತ ನನ್ನ ಮೇಲೆ ಹಾರಾಡಬೇಡಿ ಎಂದು. ಏಳು ತಿಂಗಳು ಈ ಹುಡುಗಿಯ ಮುಂದೆ ನಾನು ಹೊಟ್ಟೆ ಎಳೆದುಕೊಂಡೇ ಕೂತಿದ್ದೆ.

"ನಿಲ್ಲಿಸೋದು ಶಿಕ್ಷೆ ಅಲ್ಲಮ್ಮ" ಎಂದಳು ಡಾಕ್ಟರು. "ಮಾತ್ರೆ ಕೊಡೋದು ಎಷ್ಟು ಚಿಕಿತ್ಸೇನೋ, ಹೊತ್ತಿಗೆ ಸರಿಯಾಗಿ ನಿಲ್ಲಿಸೋದೂ ಅಷ್ಟೇ ಚಿಕಿತ್ಸೆ. ಒಂದು ವಾರ ನಿಂತ ಮಾತ್ರಕ್ಕೆ ಎಲ್ಲ ಕೈಬಿಟ್ಟು ಹೋಗಲ್ಲ. ಆದ್ರೆ ಮೊನ್ನೆ ಇನ್ನೂ ಅರ್ಧ ದಿನ ತಡವಾಗಿ ಬಂದಿದ್ರೆ ಏನಾಗ್ತಿತ್ತೋ ನಾನು ಹೇಳಲಾರೆ. ಮಾತ್ರೆ ಮುಂದುವರಿಸೋಣ, ಪ್ರಮಾಣ ಒಂದು ಮೆಟ್ಟಿಲು ಇಳಿಸ್ತೀನಿ. ಹಳೇ ಹಾಳೇಲಿ ಉಳಿದಿದ್ದನ್ನ ತಂದು ಇಲ್ಲಿ ಕೊಡಿ. ಬೆರಳಿಗೂ ಏನಾದ್ರೂ ಮಾಡೋಣ. ಇವತ್ತು ರಕ್ತ ಕೊಡಿ. ಬಿಳಿ ಕಣ ಸರಿ ಇದ್ರೆ ಇಪ್ಪತ್ತೇಳಕ್ಕೆ ಶುರು, ಇಲ್ಲಾಂದ್ರೆ ಇನ್ನೂ ಕಾಯೋದು. ನಾವೇ ಫೋನ್ ಮಾಡ್ತೀವಿ."

ಮುಂದುವರಿಸೋಣ ಎಂದಳು. ಎರಡು ವಾರದಿಂದ ನಾನು ಕಾದದ್ದು ಆ ಒಂದು ಮಾತಿಗೆ. ಬಂದಾಗ ಹಿಗ್ಗಲು ಪಕ್ಕದ ಕುರ್ಚಿ ಖಾಲಿಯಿತ್ತು.

ನಾದಿನಿ ಬಸ್ ನಿಲ್ದಾಣದ ಬೆಂಚಿನ ತುದಿಯಲ್ಲಿ ಕೂತಿದ್ದಳು. ನಾನು ಹೋಗಿ ಇನ್ನೊಂದು ತುದಿಯಲ್ಲಿ ಕೂತೆ. ಎರಡು ಬಸ್ಸು ಬಂದು ಹೋದವು.

"ಮೂರು ದಿನ ಜಾಸ್ತಿ ನುಂಗಿದ್ರೆ ಜಾ‌ಸ್ತಿ ಬದುಕ್ತೀನಿ ಅಂದ್ಕೊಂಡ್ರಾ?" ಎಂದಳು ಕೊನೆಗೆ, ರಸ್ತೆ ನೋಡುತ್ತ.

"ಹೂಂ."

"ನಾನೇ ಕೊಂದೆ ಅಂತ ಒಂಬತ್ತು ದಿನ ಅಂದ್ಕೊಂಡಿದ್ದೆ ಅತ್ತಿಗೇ. ಒಂಬತ್ತು ದಿನ. ನಿಮ್ಮ ಎದುರಿಗೇ ಇದ್ನಲ್ಲ? ನೋಡ್ತಾನೇ ಇದ್ರಲ್ಲ?"

"ನೋಡ್ತಾ ಇದ್ದೆ."

"ಅಣ್ಣ ಹೋದಾಗ ಕೂಡ ನನಗೆ ಇಷ್ಟು..." ಎಂದು ಅರ್ಧಕ್ಕೆ ನಿಲ್ಲಿಸಿದಳು. ನಾನು ಕ್ಷಮಿಸು ಎಂದೆ. ಆ ಮಾತು ಅಂಥ ಕೆಲಸಕ್ಕೆ ಬಹಳ ಮೋಟಾಗಿತ್ತು, ಎಲ್ಲಿ ಎಳೆದರೂ ಮುಚ್ಚಲಿಲ್ಲ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಮೂರನೆಯ ಬಸ್ಸಿಗೆ ಎದ್ದಳು. ಹತ್ತುವಾಗ ಮಾತ್ರ ಹಿಂದಿನಿಂದ ನನ್ನ ಮೊಣಕೈಗೆ ಕೈ ಕೊಟ್ಟಳು, ಎಂದಿನ ಹಾಗೆ.

ಮರುದಿನದಿಂದ ಪುಸ್ತಕ ಮತ್ತೆ ನೀಲಿಯಾಯಿತು. ಸಮವಸ್ತ್ರದ ತಾಯಿಯೊಬ್ಬಳು ಮೂವತ್ತಕ್ಕೆ ಬೇಕು ಎಂದದ್ದು ನನ್ನ ಕಿವಿಗೆ ಬಿತ್ತು. ಪುಸ್ತಕ ನೋಡಿದರೆ ಇಪ್ಪತ್ತೇಳು. ಆ ಸುಳ್ಳು ನೋಡಿ ನನಗೆ ಅಳು ಬಂತು. ನಮ್ಮಿಬ್ಬರ ನಡುವೆ ಮಾತು ಮಾತ್ರ ಇನ್ನೂ ಅಳತೆ ಹಿಡಿದ ಹಾಗಿತ್ತು. ಊಟ ಆಯ್ತಾ, ಹೂಂ. ದಾರ ಬೇಕಾ, ಇಲ್ಲ.

ಇಪ್ಪತ್ತಾರರ ಮಧ್ಯಾಹ್ನ ಫೋನು ಬಡಿದುಕೊಂಡಿತು. ಅವಳು ಒಬ್ಬ ಗಿರಾಕಿಯ ಭುಜದ ಅಳತೆ ತೆಗೆಯುತ್ತಿದ್ದಳು, ನಾನೇ ಎತ್ತಿಕೊಂಡೆ. ಆಸ್ಪತ್ರೆಯ ನರ್ಸು. ಬಿಳಿ ಕಣ ಏರಿದೆ, ಆದರೆ ಸಾಲದು. ನಾಳೆ ಶುರು ಮಾಡಬೇಡಿ. ಮೂರನೇ ತಾರೀಖಿಗೆ ಮತ್ತೆ ರಕ್ತ ಕೊಡಿ, ಅಲ್ಲಿಯವರೆಗೆ ದೊಡ್ಡ ಮಾತ್ರೆ ಬೇಡ.

ಇನ್ನೂ ಒಂದು ವಾರ. ಸೊಂಟದಲ್ಲಿ ಚಳುಕು, ಹೇಳಿ ಕಳಿಸಿದ ಹಾಗೆ, ಅದೇ ಕ್ಷಣಕ್ಕೆ ಎದ್ದಿತು. ನಾನು ಕೌಂಟರಿನ ಲೋಟದಿಂದ ಹಸಿರು ಪೆನ್ನು ತೆಗೆದೆ. ಬೆರಳು ಹಿಡಿಯುತ್ತಿರಲಿಲ್ಲ, ಮುಷ್ಟಿಯಲ್ಲಿ ಹಿಡಿದು ಒಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದೆ: 3ರವರೆಗೆ ಮಾತ್ರೆ ಬೇಡ. ಡಬ್ಬಿಯಿಂದ ಹಳೆಯ ಹಾಳೆಯನ್ನೂ, ಆಸ್ಪತ್ರೆಯಲ್ಲಿ ಕೊಟ್ಟ ಹೊಸ ಮಾತ್ರೆಯ ಪೆಟ್ಟಿಗೆಯನ್ನೂ ತೆಗೆದು, ಚೀಟಿಯ ಜೊತೆಗೆ ಅವಳ ಮುಂದಿಟ್ಟೆ.

"ನೀನೇ ಇಟ್ಕೋ. ನಿನ್ನ ಡ್ರಾಯರಿನಲ್ಲಿ. ಬೀಗ ಹಾಕು."

ಅವಳು ಚೀಟಿ ಓದಿದಳು. ನನ್ನ ಮುಖ ನೋಡಿದಳು. ಮತ್ತೆ ಚೀಟಿ ಓದಿದಳು. ಆಮೇಲೆ ಫೋನು ಎತ್ತಿಕೊಂಡು, ನನ್ನ ಕಣ್ಣೆದುರೇ, ಆಸ್ಪತ್ರೆಯ ನಂಬರು ಒತ್ತಿದಳು.

"ಈಗ ತಾನೆ ನಮ್ಮತ್ತಿಗೆಗೆ ಫೋನ್ ಮಾಡಿದ್ರಲ್ಲ, ಏನು ಹೇಳಿದ್ರಿ ಅಂತ ಇನ್ನೊಂದ್ಸಲ ಹೇಳ್ತೀರಾ?"

ನನಗೆ ಸಿಟ್ಟು ನೆತ್ತಿಗೇರಿತು. ಏಯ್, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಎಂಬ ಮಾತು ಹುಣ್ಣಿನ ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡೆ. ಕೇಳಲಿ. ಇಪ್ಪತ್ತು ವರ್ಷ ಅವಳ ಸುಳ್ಳನ್ನು ನಾನು ನಂಬಿ ಬದುಕಿದೆ. ನನ್ನ ನಿಜವನ್ನು ಅವಳು ನಂಬದ ಹಾಗೆ ಮಾಡಿದವಳೂ ನಾನೇ.

ಅವಳು ಹೂಂ ಹೂಂ ಎಂದಳು, ಫೋನು ಇಟ್ಟಳು, ಹಾಳೆಯನ್ನೂ ಪೆಟ್ಟಿಗೆಯನ್ನೂ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು.

"ಸರಿಯಾಗಿದೆ" ಎಂದಳು.

"ಇನ್ನೂ ಒಂದು ವಾರ ಕಣೇ" ಎಂದೆ. "ನನಗೆ ತುಂಬ ಭಯ ಆಗ್ತಿದೆ."

ಅಳತೆ ಕೊಡುತ್ತಿದ್ದ ಗಿರಾಕಿ ಎರಡೂ ಕೈ ಅಗಲಿಸಿಕೊಂಡು ನಮ್ಮನ್ನೇ ನೋಡುತ್ತ ನಿಂತಿದ್ದ. ನಾದಿನಿ ಟೇಪನ್ನು ಕತ್ತಿಗೆ ಹಾಕಿಕೊಂಡು ನನ್ನ ಪಕ್ಕಕ್ಕೆ ಬಂದಳು.

"ನನಗೂ ಆಗ್ತಿದೆ ಅತ್ತಿಗೆ" ಎಂದಳು. "ಬನ್ನಿ, ಬೆರಳಿಗೆ ನೀರು ಬಿಸಿ ಮಾಡ್ತೀನಿ."